ಊದುವ ಮೊದಲೇ ಬಂದ ಮಾರ್ದನಿ

ಬಸ್ ಡಿಪೋದ ಶೆಡ್ಡಿನಲ್ಲಿ ದೋಣಿ ಹತ್ತಲಿದ್ದ ಮೂವರ ಕೈಗೂ ಒಂದೊಂದು ಸೀಟಿ ಬಂತು. ಕಂಡಕ್ಟರುಗಳಿಗೆಂದು ಸ್ಟೋರ್ ರೂಮಿನಲ್ಲಿ ಇಟ್ಟಿದ್ದ ಹೊಸ ಸೀಟಿಗಳು. ಎಲ್ಲವೂ ಒಂದೇ ಅಚ್ಚಿನವು, ಒಂದೇ ದನಿಯವು.

“ಮೊದಲು ಔಷಧಿ,” ಎಂದರು ಡಿಪೋ ಮ್ಯಾನೇಜರ್. ನೆರೆ ಬಂದ ಮೇಲೆ ಡಿಪೋ ಪರಿಹಾರ ಶಿಬಿರವಾಗಿತ್ತು. ಜನ ಬಸ್ಸುಗಳೊಳಗೆ ಸೀಟಿನ ಮೇಲೆ ಮಲಗುತ್ತಿದ್ದರು, ಮ್ಯಾನೇಜರೇ ಶಿಬಿರದ ಯಜಮಾನರಾಗಿದ್ದರು. “ಗುಡ್ಡದ ಮೇಲೆ ಕಲ್ಲುಕ್ವಾರಿಯವರ ಮನೆಗಳಿವೆ. ಅಲ್ಲಿ ವಾಂತಿ ಭೇದಿ. ಔಷಧಿ ಇನ್ನೂ ಬಂದಿಲ್ಲ ಅಂತ ವೈರ್‌ಲೆಸ್‌ನಲ್ಲಿ ಒಂದು ಮಾತು ಬಂತು, ಆಮೇಲೆ ಅದೂ ಸತ್ತಿದೆ. ಕತ್ತಲಾಗೋದರೊಳಗೆ ನೀವು ಅಲ್ಲಿರಬೇಕು. ಹುಡುಕೋದು ದಾರಿಯಲ್ಲಿ ಆದಷ್ಟು ಮಾತ್ರ.”

ಯಾರನ್ನು ಹುಡುಕುವುದು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಮೂವರಲ್ಲಿ ಒಬ್ಬನಾದ ಡಿಪೋ ಮೆಕ್ಯಾನಿಕ್ ಎದುರಿಗೇ ನಿಂತಿದ್ದ. ಮೂರು ದಿನದ ಹಿಂದೆ ಇಂಥದೇ ಔಷಧಿ ಹೊತ್ತು ಮೊದಲು ಹೊರಟ ದೋಣಿ ಗುಡ್ಡ ಮುಟ್ಟಿರಲಿಲ್ಲ, ಹಿಂದಕ್ಕೂ ಬಂದಿರಲಿಲ್ಲ. ಅದರಲ್ಲಿ ಆಸ್ಪತ್ರೆಯ ಕಂಪೌಂಡರ್ ಇದ್ದ. ಜೊತೆಗೆ ಮೆಕ್ಯಾನಿಕ್‌ನ ಅತ್ತೆ ಇದ್ದರು.

ಅತ್ತೆ ದಾದಿಯಾಗಿದ್ದು ನಿವೃತ್ತರಾದವರು. ಊರಿನ ಅರ್ಧ ಜನರಿಗೆ ಸೂಜಿ ಚುಚ್ಚಿದ ಕೈ. ಅಳಿಯನ ಜೊತೆ ಮಾತ್ರ ಮಾತು ಕಡಿಮೆ. ಕಡಿಮೆ ಎಂದರೆ, ಇಲ್ಲವೇ ಇಲ್ಲ. ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಿದ್ದರು, ಮಗಳಿಲ್ಲದಿದ್ದರೆ ಗೋಡೆಗೆ. “ಕೆಲವರು ಗ್ರೀಸ್ ಕೈಯಲ್ಲೇ ತಟ್ಟೆ ಮುಟ್ಟುತ್ತಾರೆ” ಎಂದು ಕಿಟಕಿಗೆ ಹೇಳಿದರೆ ಅದು ಅಳಿಯನಿಗೆ ಎಂದು ಅರ್ಥ. ಅವನೂ ಬಿಡುತ್ತಿರಲಿಲ್ಲ. ಅದಕ್ಕೆ ಉತ್ತರವನ್ನು ಬೆಕ್ಕಿಗೆ ಹೇಳುತ್ತಿದ್ದ.

ಅವನೀಗ ಸಲೈನ್ ಬಾಟಲಿ, ಓಆರ್‌ಎಸ್ ಪೊಟ್ಟಣ, ನೀರಿಗೆ ಹಾಕುವ ಕ್ಲೋರಿನ್ ಮಾತ್ರೆಗಳನ್ನೆಲ್ಲ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಮುಚ್ಚಳದ ಸುತ್ತ ಹಳೆಯ ಟ್ಯೂಬಿನ ರಬ್ಬರ್ ಬಿಗಿಯುತ್ತಿದ್ದ. ಹೆಂಡತಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ನಿಂತಳು.

“ರೀ, ನೋಡ್ತೀನಿ ಅಂತ ಹೇಳಿ ಹೋಗಬೇಡಿ,” ಎಂದಳು. “ಕರ್ಕೊಂಡು ಬರ್ತೀನಿ ಅನ್ನಿ.”

ಅವನು ಗಂಟು ಬಿಗಿದ. ತಲೆ ಎತ್ತದೆಯೇ “ಕರ್ಕೊಂಡು ಬರ್ತೀನಿ” ಎಂದ.

ದೋಣಿ ಮೀನು ಮಾರುವ ಹೆಂಗಸಿನದು. ಅವಳ ಹೆಸರು ಯಾರಿಗೂ ಬೇಕಿರಲಿಲ್ಲ, ಎಲ್ಲರ ಬಾಯಲ್ಲೂ ಮೀನಕ್ಕ. ಅಗಲ ಭುಜ, ಗಟ್ಟಿ ಗಂಟಲು. ದಾರಿ ತೋರಿಸಲು ಕಾಡಿನ ಗಾರ್ಡ್ ಬಂದಿದ್ದ. ಅವನು ಇಷ್ಟು ವರ್ಷ ಕಾದ ಕಾಡು ಈಗ ನೀರಿನಡಿಯಲ್ಲಿತ್ತು. ಆದರೆ ಮರಗಳ ತುದಿ ನೋಡಿಯೇ ಬುಡ ಎಲ್ಲಿದೆ ಎಂದು ಹೇಳಬಲ್ಲೆ ಎನ್ನುತ್ತಿದ್ದ.

“ಗುಡ್ಡದ ಈ ಕಡೆ ಕ್ವಾರಿಯ ಬಂಡೆಗೋಡೆ ಇದೆ,” ಎಂದು ಗಾರ್ಡ್ ಸೀಟಿ ಹಿಡಿದು ವಿವರಿಸಿದ. “ಏನು ಊದಿದ್ರೂ ಅದು ವಾಪಸ್ ಊದುತ್ತೆ. ಅದಕ್ಕೇ ಈ ನಿಯಮ. ಹುಡುಕೋರು, ಸಹಾಯ ಕೇಳೋರು, ಯಾರೇ ಕೂಗಿದ್ರೂ ಎರಡು ಉದ್ದ, ಒಂದು ಗಿಡ್ಡ. ಕೇಳಿಸಿಕೊಂಡೋರು ತಿರುಗಿಸಿ ಊದಬೇಕು. ಒಂದು ಗಿಡ್ಡ, ಎರಡು ಉದ್ದ. ನಾವು ಊದಿದ್ದೇ ವಾಪಸ್ ಬಂದ್ರೆ ಅದು ಬಂಡೆ. ತಿರುಗಿ ಬಂದ್ರೆ ಮನುಷ್ಯ.”

“ಮೊದಲ ದೋಣಿಯವರಿಗೂ ಹೇಳಿದ್ರಾ?” ಎಂದು ಮೆಕ್ಯಾನಿಕ್ ಕೇಳಿದ.

“ನಾನೇ ಹೇಳಿಕೊಟ್ಟೆ. ನಿಮ್ಮತ್ತೆ ನನಗಿಂತ ಚೆನ್ನಾಗಿ ಊದಿ ತೋರಿಸಿದ್ರು.”

“ಸಾಕು ಪಾಠ,” ಎಂದಳು ಮೀನಕ್ಕ. “ದೋಣಿ ನಂದು. ಮಾತು ಜಾಸ್ತಿ ಆದ್ರೆ ಮಧ್ಯದಲ್ಲೇ ಇಳಿಸಿಬಿಡ್ತೀನಿ.”

“ನೀರಲ್ಲಾ?” ಎಂದ ಗಾರ್ಡ್.

“ಮತ್ತೆ ಬಸ್ ಸ್ಟಾಪಲ್ಲಾ?”

*

ಡಿಪೋದ ಗೇಟು ದಾಟಿದರೆ ನೀರು. ದಾರಿ ಪೇಟೆಬೀದಿಯಿಂದಲೇ ಶುರುವಾಗುತ್ತಿತ್ತು. ಬಸ್ಸು ಓಡುತ್ತಿದ್ದ ಬೀದಿಯಲ್ಲಿ ದೋಣಿ ಈಗ ಅಂಗಡಿ ಬೋರ್ಡುಗಳ ಎತ್ತರದಲ್ಲಿ ಹೋಗುತ್ತಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೀದಿಯ ಎಡಸಾಲು ಕಂಡರೆ ಬಲಸಾಲು ಕಾಣುತ್ತಿರಲಿಲ್ಲ. ಕ್ಷೌರದಂಗಡಿಯ ಬೋರ್ಡಿನಲ್ಲಿ ಬರೆದಿದ್ದ ಗಂಡಸಿನ ಕ್ರಾಪು ಮಾತ್ರ ನೀರಿನ ಮೇಲಿತ್ತು, ಮುಖ ಕೆಳಗಿತ್ತು. ಬೀದಿ ತಗ್ಗಿಗೆ ಇಳಿಯುವಲ್ಲಿ ಸೋಲಾರ್ ದೀಪದ ಕಂಬಗಳಿದ್ದವು. ಅವುಗಳ ತುದಿಯ ಫಲಕ ನೀರಿನ ಮೇಲೆ, ದೀಪ ನೀರಿನ ಕೆಳಗೆ. ಮಂಜಿನ ಮಬ್ಬನ್ನು ಸಂಜೆಯೆಂದು ತಿಳಿದು ದೀಪಗಳು ತಾವೇ ಹೊತ್ತಿಕೊಂಡಿದ್ದವು. ಕೆಸರು ನೀರಿನೊಳಗೆ ಒಂದರ ಹಿಂದೊಂದು ಹಳದಿ ಉಂಡೆಗಳು ಉರಿಯುತ್ತಿದ್ದವು, ಕೆಳಗಿನ ಬೀದಿಯಲ್ಲಿ ಇನ್ನೂ ಯಾರೋ ಮನೆಗೆ ನಡೆದು ಹೋಗುವವರಿದ್ದಾರೆ ಎನ್ನುವ ಹಾಗೆ.



ಬೀದಿಯ ಕೊನೆಯ ಮಾಳಿಗೆ ಮನೆಯ ಹತ್ತಿರ ಮೀನಕ್ಕ ಕೈ ಎತ್ತಿದಳು. “ಇಂಜಿನ್ ನಿಲ್ಲಿಸು.”

ಇಂಜಿನ್ ನಿಂತಿತು.

ಠಕ್. ಸ್ವಲ್ಪ ಬಿಟ್ಟು, ಠಕ್ ಠಕ್.

ಮೆಕ್ಯಾನಿಕ್ ಸೀಟಿ ಊದಿದ. ಎರಡು ಉದ್ದ, ಒಂದು ಗಿಡ್ಡ. ಉತ್ತರದ ಸೀಟಿ ಬರಲಿಲ್ಲ. ಬಡಿತ ಮಾತ್ರ ನಿಲ್ಲಲಿಲ್ಲ. ಠಕ್. ಠಕ್ ಠಕ್.

ಅವನು ದೋಣಿಯ ಅಂಚಿನ ಮೇಲೆ ಕಾಲಿಟ್ಟು ಮಾಳಿಗೆಯ ಕಿಟಕಿ ಹತ್ತಿ ಒಳಗೆ ಇಳಿದ. ಒಂದು ಮಲಗುವ ಕೋಣೆ. ಹಾಸಿಗೆಯ ಮೇಲೆ ಹೊದಿಕೆಯನ್ನು ನೀಟಾಗಿ ಮಡಿಸಿಟ್ಟಿತ್ತು. ಗೋಡೆಯ ಮೊಳೆಗೆ ಇಸ್ತ್ರಿ ಮಾಡಿದ ಪುಟ್ಟ ಅಂಗಿ ತೂಗುತ್ತಿತ್ತು. ಮೇಜಿನ ಮೇಲಿನ ಬಾಚಣಿಗೆಯಲ್ಲಿ ಉದ್ದ ಕೂದಲು ಸಿಕ್ಕಿಕೊಂಡಿತ್ತು. ಕನ್ನಡಿಯ ಮೇಲೆ ಹಬೆ ಕಟ್ಟಿತ್ತು. ಎಲ್ಲವೂ ಇದ್ದ ಹಾಗೇ ಇತ್ತು. ಜನ ಇರಲಿಲ್ಲ.

ಠಕ್.

ಅವನ ಪಾದದ ಅಡಿಯಿಂದ.

“ಯಾರು?” ಎಂದ. ದನಿ ಅವನಿಗೇ ಪರಕೀಯವಾಗಿ ಕೇಳಿತು.

ಠಕ್ ಠಕ್.

ಮೆಟ್ಟಿಲು ಕೆಳಗಿಳಿದು ನೀರಿನಲ್ಲಿ ಕೊನೆಯಾಗುತ್ತಿತ್ತು. ಅವನು ಮೆಟ್ಟಿಲ ಮೇಲೆ ಬೋರಲು ಮಲಗಿ ಟಾರ್ಚ್ ಹಾಕಿದ. ಕೆಳಮನೆಯ ಚಾವಣಿಗೂ ನೀರಿಗೂ ನಡುವೆ ಒಂದು ಗೇಣು ಕತ್ತಲೆ. ಆ ಕತ್ತಲೆಯಲ್ಲಿ ಒಂದು ಜೊತೆ ಚಪ್ಪಲಿ ಪಕ್ಕಪಕ್ಕದಲ್ಲಿ ತೇಲುತ್ತಿತ್ತು. ಅದರ ಆಚೆ ಖಾಲಿ ಗ್ಯಾಸ್ ಸಿಲಿಂಡರ್. ಅಲೆ ಎದ್ದಾಗಲೆಲ್ಲ ಅದು ಚಾವಣಿಗೆ ತಲೆ ಬಡಿಯುತ್ತಿತ್ತು.

ಅವನು ಕಿಟಕಿಯಿಂದ ದೋಣಿಗೆ ಮರಳಿ ಇಳಿದ.

“ಸಿಲಿಂಡರ್,” ಎಂದ ಅವನು.

“ನೀರು ಬಂದ ಮೇಲೆ ಎಲ್ಲಾ ವಸ್ತುವೂ ಮಾತಾಡುತ್ತೆ,” ಎಂದ ಗಾರ್ಡ್. “ಒಂದೊಂದನ್ನೂ ಕೇಳ್ತಾ ಕೂತ್ರೆ ಗುಡ್ಡ ಮುಟ್ಟಲ್ಲ.”

ಅವನು ಹೇಳಿದ್ದು ಸರಿಯಾಗಿತ್ತು. ಇನ್ನು ಮೇಲೆ ಸದ್ದಿಗೆ ಮೋಸ ಹೋಗಬಾರದು ಎಂದು ಮೂವರೂ ಒಳಗೊಳಗೇ ಅಂದುಕೊಂಡರು.

*

ಊರು ಮುಗಿದು ಕಾಡು ಶುರುವಾದದ್ದು ಗೊತ್ತಾಗಲೇ ಇಲ್ಲ. ಮಂಜಿನಲ್ಲಿ ಬಿಳಿಯ ಗುಡಾರಗಳ ಹಾಗೆ ಏನೋ ಕಂಡವು. ಹತ್ತಿರ ಹೋದರೆ ಮರಗಳು. ನೆಲದ ಮೇಲಿದ್ದ ಜೇಡಗಳೆಲ್ಲ ಜೀವ ಉಳಿಸಿಕೊಳ್ಳಲು ಮರ ಹತ್ತಿ, ಬೇರೆ ಕೆಲಸವಿಲ್ಲದೆ ಬಲೆ ನೇಯ್ದಿದ್ದವು. ನೀರಿನ ಮಟ್ಟದಿಂದ ತುದಿಯವರೆಗೆ ಒಂದೊಂದು ಮರವೂ ಸೊಳ್ಳೆಪರದೆಯೊಳಗೆ ನಿಂತಂತೆ ನಿಂತಿತ್ತು. ಪರದೆಯ ಒಳಗೆ ಎಲೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಒಂದು ಕೊಂಬೆಯ ಕವಲಿನಲ್ಲಿ ಎರಡು ಹಾವುಗಳು ಒಂದನ್ನೊಂದು ಗಮನಿಸದೆ ಸುತ್ತಿಕೊಂಡು ಮಲಗಿದ್ದವು. ಕೆಂಜಿಗದ ಇರುವೆಗಳು ಒಂದಕ್ಕೊಂದು ಕಚ್ಚಿಕೊಂಡು ಉಂಡೆಯಾಗಿ ತೇಲಿಹೋದವು. ಹಕ್ಕಿಯ ದನಿ ಇಲ್ಲ, ಕೀಟದ ದನಿ ಇಲ್ಲ. ಕಾಡು ಬಾಯಿ ಮುಚ್ಚಿಕೊಂಡು ಅವರನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು.

“ನನ್ನ ಬಲೆ ಇಷ್ಟು ನೀಟಾಗಿ ಇದ್ದಿದ್ರೆ,” ಎಂದು ಮೀನಕ್ಕ ಮೆಲ್ಲಗೆ ಹೇಳಿದಳು, “ನಾನು ಯಾವತ್ತೋ ಬಂಗಲೆ ಕಟ್ಟಿಸ್ತಿದ್ದೆ.”

ಅವಳು ನಗಿಸಲೆಂದು ಹೇಳಿರಲಿಲ್ಲ.

ಕಾಡಿನೊಳಗೆ ಮೆಕ್ಯಾನಿಕ್ ಮೊದಲ ಸಲ ಸೀಟಿ ಊದಿದ. ಎರಡು ಉದ್ದ, ಒಂದು ಗಿಡ್ಡ.

ಮಂಜಿನ ಆಳದಿಂದ ಅದೇ ಬಂತು. ಎರಡು ಉದ್ದ, ಒಂದು ಗಿಡ್ಡ. ಸ್ವಲ್ಪ ತಡವಾಗಿ, ಕೊಡದೊಳಗೆ ಬಾಯಿಟ್ಟು ಊದಿದ ಹಾಗೆ ಟೊಳ್ಳಾಗಿ.

ಅವನು ಎದ್ದು ನಿಂತ. ಗಾರ್ಡ್ ತಲೆಯಾಡಿಸಿದ. “ಬಂಡೆ.”

ಇನ್ನಷ್ಟು ದೂರ ಹೋಗಿ ಮತ್ತೆ ಊದಿದ. ಮತ್ತೆ ಅದೇ. ಮುಂದೆ ಹೋಗಿ ಇನ್ನೊಮ್ಮೆ. ಅದೇ. ಇದ್ದೀರಾ ಎಂದು ಕೇಳಿದರೆ ಆ ಕಡೆಯಿಂದಲೂ ಇದ್ದೀರಾ ಎಂದೇ ಬರುತ್ತಿತ್ತು. ಯಾರೋ ಮಂಜಿನ ಹಿಂದೆ ನಿಂತು ಅಣಕಿಸುತ್ತಿದ್ದಾರೆ ಎನ್ನಿಸಿ ಅವನಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಬಂಡೆ ಬಿಟ್ಟರೆ ಉತ್ತರ ಕೊಡುವವರು ಇನ್ನು ಇಲ್ಲವೇನೋ.

“ನಿಮ್ಮ ಮನೆ ಮಾತಿನ ಹಾಗೇ ಇದೆ,” ಎಂದಳು ಮೀನಕ್ಕ. “ಗೋಡೆ ಜೊತೆ.”

“ಮೀನಕ್ಕ.”

“ಆಯ್ತಪ್ಪ, ಸುಮ್ಮನಿದ್ದೀನಿ.”

ಕಾಡು ಎರಡಾಗಿ ಒಡೆಯುವ ಜಾಗಕ್ಕೆ ಬಂದರು. ಎಡಕ್ಕೆ ಹೋದರೆ ಗುಡ್ಡ. ಬಲಕ್ಕೆ ನದಿಯ ಹಳೆಯ ಪಾತ್ರ. ಅಲ್ಲಿ ನೀರು ಸದ್ದಿಲ್ಲದೆ, ಆದರೆ ಬಹಳ ವೇಗವಾಗಿ ಹರಿಯುತ್ತಿತ್ತು. ತಿರುಗುವ ಮೊದಲು ಕೊನೆಯ ಸಲ ಊದೋಣ ಎಂದು ಇಂಜಿನ್ ನಿಲ್ಲಿಸಿದರು. ಮೆಕ್ಯಾನಿಕ್ ಸೀಟಿಯನ್ನು ತುಟಿಗೆ ತಂದ. ಅದರ ಬಾಯಲ್ಲಿ ಒಂದು ಜೇಡ ಕೂತಿತ್ತು. ಅವನು ಅಸಹ್ಯಪಟ್ಟು ಸೀಟಿಯನ್ನು ಕೊಡವಿ ಅಂಗಿಗೆ ಒರೆಸಿದ.

ಅಷ್ಟರಲ್ಲಿ ಬಂತು.

ಎರಡು ಉದ್ದ, ಒಂದು ಗಿಡ್ಡ.

ಅವನ ಕೈ ಅಲ್ಲೇ ನಿಂತಿತು.

“ನೀನು ಊದಿದ್ಯಾ?” ಎಂದಳು ಮೀನಕ್ಕ.

“ಇಲ್ಲ.”

“ಗಾರ್ಡ್ ಸಾಹೇಬ್ರೇ?”

ಗಾರ್ಡ್ ತನ್ನ ಸೀಟಿಯನ್ನು ಜೇಬಿನಿಂದ ತೆಗೆದು ತೋರಿಸಿದ. “ಹಿಂದೆ ಊದಿದ್ದು ಎಲ್ಲೋ ಸುತ್ತಿ ಬಂದಿರಬಹುದು,” ಎಂದ.

“ಊದೋ ಮೊದಲೇ ಉತ್ತರ ಕೊಡೋ ಬಂಡೆನಾ?” ಮೀನಕ್ಕ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದಳು. “ನನಗೆ ಭಯ ಆಗ್ತಿದೆ. ಈಗಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ನಗಬಾರದು.”

“ಯಾರೂ ಊದಬೇಡಿ,” ಎಂದ ಮೆಕ್ಯಾನಿಕ್.

ಕಾದರು. ಮಂಜು ಹನಿಯಾಗಿ ಬಲೆಗಳಿಂದ ತೊಟ್ಟಿಕ್ಕುತ್ತಿತ್ತು. ದೋಣಿ ತಾನಾಗಿ ನಿಧಾನಕ್ಕೆ ತಿರುಗುತ್ತಿತ್ತು. ಎಡ ಯಾವುದು, ಬಲ ಯಾವುದು ಎಂಬುದೂ ಕಲಸಿಹೋಗುವಷ್ಟು ಹೊತ್ತು ಏನೂ ಆಗಲಿಲ್ಲ.

ಮತ್ತೆ ಬಂತು. ಎರಡು ಉದ್ದ, ಒಂದು ಗಿಡ್ಡ. ನೀರಿನ ಓಟ ಕಾಣುತ್ತಿದ್ದ ಬಲದಿಂದ, ನದಿಯ ಆಚೆಯಿಂದ. ಬಂಡೆ ಇದ್ದದ್ದು ಎಡಕ್ಕೆ.

ಮೆಕ್ಯಾನಿಕ್‌ಗೆ ಹೊಳೆಯಿತು. ಹೊಳೆದದ್ದು ಎಷ್ಟು ಸರಳವಾಗಿತ್ತೆಂದರೆ ಅವನಿಗೆ ಅಳು ಬರುವಂತಾಯಿತು.

“ಅವರೂ ಕೇಳ್ತಿದ್ದಾರೆ,” ಎಂದ. “ಕೂಗೋರು ಎರಡು ಉದ್ದ ಒಂದು ಗಿಡ್ಡ ಅಂತ ನೀವೇ ಹೇಳಿಕೊಟ್ರಲ್ಲ. ಅವರು ಸಹಾಯಕ್ಕೆ ಕೂಗ್ತಿದ್ದಾರೆ. ನಾವು ಊದಿದ್ದನ್ನ ಅವರು ಬಂಡೆ ಅಂದ್ಕೊಂಡಿದ್ದಾರೆ. ಅವರು ಊದಿದ್ದನ್ನ ನಾವು ಬಂಡೆ ಅಂದ್ಕೊಂಡಿದ್ದೀವಿ.”

ನಿಯಮ ಮಾಡಿದವನು ಗಾರ್ಡ್. ಎರಡು ಕಡೆಯವರೂ ಒಟ್ಟಿಗೇ ಕೂಗಿದರೆ ಏನಾಗುತ್ತದೆ ಎಂದು ಅವನು ಯೋಚಿಸಿರಲೇ ಇಲ್ಲ.

ಮೆಕ್ಯಾನಿಕ್ ತಿರುಗಿಸಿ ಊದಿದ. ಒಂದು ಗಿಡ್ಡ, ಎರಡು ಉದ್ದ.

ಎಡದಿಂದ ಬಂಡೆ ಅದನ್ನೇ ವಾಪಸ್ ಊದಿತು. ಬಲದಿಂದ ಏನೂ ಇಲ್ಲ. ಕಾಡು ಇನ್ನಷ್ಟು ಹತ್ತಿರಕ್ಕೆ ಬಂದು ಕಿವಿಗೊಟ್ಟ ಹಾಗಿತ್ತು.

ಆಮೇಲೆ ಒಂದೇ ಒಂದು ಸೀಟಿ, ಯಾವ ಲೆಕ್ಕಕ್ಕೂ ಸಿಗದ್ದು. ಅದು ಉಸಿರು ಮುಗಿಯುವವರೆಗೂ ಎಳೆದುಕೊಂಡು ಬಂದು, ಕೊನೆಗೆ ಕರ್ಕಶವಾಗಿ ಒಡೆಯಿತು.

“ಅದು ಯಾವ ನಿಯಮ?” ಎಂದಳು ಮೀನಕ್ಕ.

“ಅದು ನಿಯಮ ಅಲ್ಲ,” ಎಂದ ಮೆಕ್ಯಾನಿಕ್. “ಅದು ಬೈಗುಳ. ಅತ್ತೆ.”

*

ಗಾರ್ಡ್ ಮಾತ್ರ ಎಡಕ್ಕೇ ನೋಡುತ್ತಿದ್ದ. “ಮೊದಲು ಔಷಧಿ ಅಂದಿದ್ದಾರೆ. ಅಲ್ಲಿ ಮಕ್ಕಳಿದ್ದಾರೆ. ಇವರು ಸೀಟಿ ಊದೋಷ್ಟು ಗಟ್ಟಿ ಇದ್ದಾರೆ. ಬರುವಾಗ ಕರ್ಕೊಳ್ಳೋಣ.”

ಮೆಕ್ಯಾನಿಕ್‌ಗೂ ಮಗುವಿತ್ತು. ಗುಡ್ಡದ ಮೇಲೆ ಯಾವುದೋ ಮಗು ಬಾಯಾರಿ ಬಿದ್ದಿರುವುದನ್ನು ಅವನು ಕಣ್ಣಿಗೆ ತಂದುಕೊಳ್ಳಬಲ್ಲವನಾಗಿದ್ದ.

“ಆ ದೋಣಿಯಲ್ಲಿ ನಮಗಿಂತ ಜಾಸ್ತಿ ಔಷಧಿ ಇತ್ತು,” ಎಂದ ಕೊನೆಗೆ. “ದಾದಿಯೂ ಅಲ್ಲೇ ಇದ್ದಾರೆ. ನಮ್ಮ ಮೂವರಲ್ಲಿ ಯಾರಿಗೆ ಸಲೈನ್ ಚುಚ್ಚೋಕೆ ಬರುತ್ತೆ?”

ಗಾರ್ಡ್ ಮೀನಕ್ಕನ ಮುಖ ನೋಡಿದ. “ನಾನು ಮೀನು ಚುಚ್ಚಬಲ್ಲೆ,” ಎಂದಳು ಅವಳು. “ಹೊರಡಿ. ಆದಷ್ಟು ಹುಟ್ಟು ಹಾಕೋಣ, ಡೀಸೆಲ್ ಗುಡ್ಡಕ್ಕೆ ಉಳೀಲಿ.”

ಗಾರ್ಡ್ ಹುಟ್ಟು ತೆಗೆದುಕೊಂಡ.

ಹಳೆಯ ಪಾತ್ರದ ಅಂಚಿನವರೆಗೆ ಹುಟ್ಟು ಸಾಕಾಯಿತು. ಮುಂದೆ ಸಾಗಲಿಲ್ಲ. ನೀರು ದೋಣಿಯ ಮೂತಿಯನ್ನು ಹಿಡಿದು ಪಕ್ಕಕ್ಕೆ ಎಳೆಯಿತು. ಮೆಕ್ಯಾನಿಕ್ ಇಂಜಿನ್ ಹಗ್ಗ ಜಗ್ಗಿದ.

ಅರ್ಧ ದಾಟಿದರು.

ಇಂಜಿನ್ ಕೆಮ್ಮಿ ನಿಂತಿತು.

“ತಂತಿ,” ಎಂದ ಮೆಕ್ಯಾನಿಕ್ ಹಿಂದಕ್ಕೆ ಬಾಗಿ. ಮುಳುಗಿದ ಬೇಲಿಯ ಮುಳ್ಳುತಂತಿ ನೀರಿನಡಿ ತಿರುಗುವ ಇಂಜಿನ್ ಫ್ಯಾನಿಗೆ ಸುತ್ತಿಕೊಂಡಿತ್ತು.

ತಂತಿ ಹಿಡಿದದ್ದರಿಂದ ದೋಣಿ ಕೊಚ್ಚಿಹೋಗಲಿಲ್ಲ. ಆದರೆ ಓರೆಯಾಯಿತು. ಒಂದು ಅಂಚು ನೀರು ಕುಡಿಯತೊಡಗಿತು.

“ಡ್ರಮ್ ಹಿಡೀರಿ!” ಎಂದು ಮೆಕ್ಯಾನಿಕ್ ಕೂಗಿದ.

ಅವನು ಕಟಿಂಗ್ ಪ್ಲೇಯರ್ ಬಾಯಲ್ಲಿ ಕಚ್ಚಿಕೊಂಡು ಇಳಿದ. ಗಾರ್ಡ್ ಅವನ ಬೆಲ್ಟು ಹಿಡಿದ.

ನೀರಿನೊಳಗೆ ಕಣ್ಣಿಗೆ ಏನೂ ಕಾಣಲಿಲ್ಲ. ಕೈಗೆ ಫ್ಯಾನು ಸಿಕ್ಕಿತು. ತಂತಿ ಸಿಕ್ಕಿತು. ಅದರ ಜೊತೆ ಬಟ್ಟೆಯ ಹಾಗೆ ಏನೋ ಮೆತ್ತಗೆ ಬೆರಳಿಗೆ ಸುತ್ತಿಕೊಂಡಿತು. ಅದು ಏನೆಂದು ಅವನು ಯೋಚಿಸಲಿಲ್ಲ. ಒಂದು ಎಳೆ ಕತ್ತರಿಸಿದ.

ಮೇಲೆ ಬಂದ. ಉಸಿರೆಳೆದ. ಮತ್ತೆ ಮುಳುಗಿದ.

ಎರಡನೆಯ ಎಳೆ ಕತ್ತರಿಸಿದ್ದೇ ದೋಣಿ ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹಾರಿತು. ಅವನ ಅರ್ಧ ಮೈ ಹೊರಗೆ, ಅರ್ಧ ನೀರಲ್ಲಿ. ಗಾರ್ಡ್ ಬೆಲ್ಟು ಬಿಡಲಿಲ್ಲ. ಮೀನಕ್ಕ ಹುಟ್ಟಿನಿಂದ ಒಂದು ಮರದ ಕೊಂಬೆಯನ್ನು ತಳ್ಳಿ ದೋಣಿಯನ್ನು ಆಚೆ ದಡದ ನಿಂತ ನೀರಿಗೆ ತಿರುಗಿಸಿದಳು. ಬಲೆ ಹರಿದು ನೂರಾರು ಜೇಡಗಳು ಮೂವರ ತಲೆಯ ಮೇಲೂ ಮಳೆಯಂತೆ ಸುರಿದವು.

ಮೆಕ್ಯಾನಿಕ್‌ನನ್ನು ಒಳಗೆ ಎಳೆದು ಹಾಕಿದರು. ಅವನ ಅಂಗೈಯಿಂದ ರಕ್ತ ಸೋರುತ್ತಿತ್ತು. ಬೆರಳಿಗೆ ಸುತ್ತಿಕೊಂಡು ಬಂದದ್ದು ಹರಿದ ಔಷಧಿ ಚೀಲದ ತುಂಡು. ಅದರ ಮೇಲೆ ಆಸ್ಪತ್ರೆಯ ಮುದ್ರೆಯಿತ್ತು.

“ಇಲ್ಲೇ ಮಗುಚಿದೆ ಅವರ ದೋಣಿ,” ಎಂದ ಗಾರ್ಡ್ ಮೆಲ್ಲಗೆ.

ಸೀಟಿ ಈಗ ಬಹಳ ಹತ್ತಿ‍ರದಲ್ಲಿತ್ತು. ಮಂಜಿನಲ್ಲಿ ಒಂದು ಭಾರಿ ಬೋಗುಣಿ ನೀರಿನ ಮೇಲೆ ತಾನೇ ನಿಂತಂತೆ ಕಂಡಿತು. ಹತ್ತಿರವಾದಂತೆ ಅದು ಕಾಂಕ್ರೀಟಿನ ನೀರಿನ ಟ್ಯಾಂಕ್ ಎಂದು ತಿಳಿಯಿತು. ಅದರ ಕಂಬಗಳು ಮುಳುಗಿ ಹೊಟ್ಟೆ ಮಾತ್ರ ಉಳಿದಿತ್ತು. ಕ್ವಾರಿಯವರು ಎಂದೋ ಕೈಬಿಟ್ಟ ಖಾಲಿ ಟ್ಯಾಂಕು. ಅದರ ಬದಿಯಲ್ಲಿ ಮನುಷ್ಯ ನುಸುಳುವಷ್ಟು ದೊಡ್ಡ ತೂತು. ಅದರೊಳಗಿನಿಂದ ಊದಿದ ಸೀಟಿಯೇ ಇಷ್ಟು ಹೊತ್ತು ಟೊಳ್ಳಾಗಿ, ಮಾರ್ದನಿಯ ಹಾಗೆ ಕೇಳಿಸುತ್ತಿದ್ದದ್ದು.

“ಈ ಟ್ಯಾಂಕ್ ನನಗೆ ಮರೆತೇಹೋಗಿತ್ತು,” ಎಂದ ಗಾರ್ಡ್.

ತೂತಿನ ಅಂಚಿನಿಂದ ಎರಡು ಬರಿಗಾಲು ಇಳಿಬಿದ್ದಿದ್ದವು. ಬಿಳುಚಿ, ನೆನೆದು, ಸುಕ್ಕುಗಟ್ಟಿದ ಕಾಲುಗಳು. ಅಲುಗಾಡುತ್ತಿರಲಿಲ್ಲ.

“ಅತ್ತೆ,” ಎಂದ ಮೆಕ್ಯಾನಿಕ್.

ಕಾಲುಗಳು ಹಿಂದೆ ಸರಿದವು. ಆ ಜಾಗದಲ್ಲಿ ಕೆದರಿದ ನರೆಗೂದಲ ತಲೆಯೊಂದು ಹೊರಬಂತು.

“ಗುಡ್ಡಕ್ಕೆ ಔಷಧಿ ಕೊಟ್ಟು ಬಂದ್ರಾ, ಇಲ್ಲ ಮೊದಲು ಇಲ್ಲಿಗೆ ಬಂದ್ರಾ?”

“ಇಲ್ಲಿಗೆ.”

“ಬುದ್ಧಿ ಇದೆಯಾ ನಿಮಗೆ?”

ಗೋಡೆಗಲ್ಲ, ಅವನ ಮುಖಕ್ಕೇ ಹೇಳಿದ್ದರು. ಮೆಕ್ಯಾನಿಕ್ ನಗತೊಡಗಿದ. ನಿಲ್ಲಿಸಲು ಆಗಲಿಲ್ಲ, ಕೈಯ ರಕ್ತ ಮುಖಕ್ಕೆ ಮೆತ್ತಿತು. “ಆಗಿಂದ ಊದ್ತಿದ್ದೀನಿ ಅತ್ತೆ. ಒಂದು ಉತ್ತರ ಕೊಡಬಾರದಾ?”

“ಊದಿದ್ದು ನಾನು. ಉತ್ತರ ಕೊಡಬೇಕಾದ್ದು ನೀವು. ಮೊದಲ ದಿನದಿಂದ ಬಂಡೆ ವಾಪಸ್ ಊದ್ತಾನೇ ಇತ್ತು. ಇವತ್ತು ಎರಡೆರಡು ಸಲ ಊದ್ತು. ನೀರು ಏರಿ ಹಾಗಾಗ್ತಿದೆ ಅಂದ್ಕೊಂಡೆ.” ಅವರ ದನಿ ಸ್ವಲ್ಪ ತಗ್ಗಿತು. “ರಾತ್ರಿ ಹೊತ್ತು ಅದನ್ನ ಕೇಳೋಕೆ ಆಗ್ತಿರಲಿಲ್ಲ. ಆದ್ರೂ ಊದ್ತಿದ್ದೆ.”

“ಅಳಿಯ ಅತ್ತೆ ಇಬ್ರೂ ಕೇಳೋ ಜನವೇ,” ಎಂದಳು ಮೀನಕ್ಕ. “ಉತ್ತರ ಕೊಡೋ ಅಭ್ಯಾಸ ಒಬ್ಬರಿಗೂ ಇಲ್ಲ.”

ಟ್ಯಾಂಕಿನೊಳಗೆ ಕಂಪೌಂಡರ್ ಮಲಗಿದ್ದ. ಅವನ ಮುರಿದ ಕಾಲಿಗೆ ದೋಣಿಯ ಹಲಗೆ ಕಟ್ಟಿತ್ತು. ಮಳೆನೀರಿಗೆ ಕ್ಲೋರಿನ್ ಮಾತ್ರೆ ಹಾಕಿ, ಓಆರ್‌ಎಸ್ ಕಲಸಿ ಕುಡಿದು ಇಬ್ಬರೂ ಬದುಕಿದ್ದರು. ದೋಣಿ ಮಗುಚಿದಾಗ ಅವರು ತಬ್ಬಿಕೊಂಡು ತೇಲಿಬಂದಿದ್ದ ಎರಡು ಡ್ರಮ್ಮುಗಳು ಗೋಡೆಗೆ ಒರಗಿದ್ದವು, ಒಳಗೆ ಔಷಧಿ ಒಣಗಿಯೇ ಇತ್ತು.

“ಮೊದಲು ಡ್ರಮ್ಮು ಇಳಿಸಿ,” ಎಂದರು ಅತ್ತೆ. “ಆಮೇಲೆ ಇವನನ್ನ. ಆಮೇಲೆ ನನ್ನನ್ನ. ನಿಮ್ಮ ಕೈ ತೋರಿಸಿ. ಇದೇನು, ಹೀಗೇ ಬಿಟ್ಟಿದ್ದೀರಿ?”

*

ಮಬ್ಬು ಬೆಳಕು ಇನ್ನೂ ಇರುವಾಗ ಗುಡ್ಡ ಸಿಕ್ಕಿತು. ಕ್ವಾರಿಯ ಅಂಚಿನಲ್ಲಿ ಜನ ಸಾಲಾಗಿ ನಿಂತಿದ್ದರು. ಕೈ ಬೀಸಲಿಲ್ಲ, ಕೂಗಲಿಲ್ಲ. ದೋಣಿ ಕಂಡರೂ ಅದು ನಿಜವೆಂದು ನಂಬದ ಹಾಗೆ ಕಲ್ಲಿನಂತೆ ನಿಂತಿದ್ದರು. ಮೀನಕ್ಕ ಹಗ್ಗ ಎಸೆದಳು. ಹಗ್ಗ ಕಾಲ ಬಳಿ ಬಿದ್ದ ಮೇಲೆಯೇ ಒಬ್ಬ ಹೆಂಗಸು ಬಾಗಿ ಅದನ್ನು ಮುಟ್ಟಿ ನೋಡಿದಳು.

“ಬಂದಿದ್ದಾರೆ,” ಎಂದಳು ಉಳಿದವರಿಗೆ.

ತಗಡಿನ ಒಂದು ಉದ್ದ ಕೋಣೆಯಲ್ಲಿ ಕಾಯಿಲೆಯವರನ್ನು ಮಲಗಿಸಿದ್ದರು. ಹೆಚ್ಚಿನವರು ಮಕ್ಕಳು. ಬಾಗಿಲ ಹೊರಗೆ ಟಾರ್ಪಾಲಿನ ಕೆಳಗೆ ಒಬ್ಬ ಮುದುಕ ಮಲಗಿದ್ದ. ಅವನು ಹಿಂದಿನ ಸಂಜೆಯೇ ತೀರಿಕೊಂಡಿದ್ದ.

ಅತ್ತೆ ಟಾರ್ಪಾಲು ಎತ್ತಿ ನೋಡಿ ಮತ್ತೆ ಮುಚ್ಚಿದರು. “ನಿನ್ನೆ ಸಂಜೆ ನಾನು ಇವರ ಔಷಧಿ ಇಟ್ಕೊಂಡು ಟ್ಯಾಂಕಿನಲ್ಲಿ ಕೂತಿದ್ದೆ,” ಎಂದರು. ಯಾರಿಗೆ ಹೇಳಿದ್ದೆಂದು ಗೊತ್ತಾಗಲಿಲ್ಲ. ಎದ್ದು ಒಳಗೆ ಹೋದರು.

ಅಲ್ಲಿಂದ ಮುಂದೆ ಮಾತೆಲ್ಲ ಆಜ್ಞೆಗಳೇ. ನೀರು ಕುದಿಸಿ. ದೀಪ ಹಿಡೀರಿ. ಈ ಬಾಟಲಿ ಎತ್ತಿ ಹಿಡೀರಿ, ಇನ್ನೂ ಮೇಲೆ. ಮೆಕ್ಯಾನಿಕ್ ಗಾಯದ ಕೈ ಇಳಿಬಿಟ್ಟು ಇನ್ನೊಂದು ಕೈಯಲ್ಲಿ ಸಲೈನ್ ಹಿಡಿದು ನಿಂತ. ಅದರ ಕೆಳಗಿದ್ದ ಹುಡುಗಿಯ ಕಣ್ಣುಗಳು ಅರ್ಧ ತೆರೆದು ಬಿಳಿಯಾಗಿದ್ದವು. ಅವನ ಕೈ ಸೋತಾಗ ಗಾರ್ಡ್ ಹಿಡಿದ. ಗಾರ್ಡ್ ಸೋತಾಗ ಮೀನಕ್ಕ.

ಬೆಳಗ್ಗೆ ಮಂಜು ಕರಗುವ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು ಮೀನಕ್ಕನನ್ನು ನೋಡಿ, “ನಿಮ್ಮ ಮೈ ವಾಸನೆ” ಎಂದಳು.

“ಬದುಕಿಕೊಂಡಳು,” ಎಂದಳು ಮೀನಕ್ಕ.

ದೋಣಿಗೆ ಕಂಪೌಂಡರನನ್ನು ಏರಿಸಿ ಮಲಗಿಸಿದರು. ಅವನಿಗೆ ಚಳಿಜ್ವರ ಬಂದಿತ್ತು. ತಲೆಯಿಂದ ಕಾಲಿನವರೆಗೆ ಹೊದಿಸಿದರು. ಖಾಲಿ ಡ್ರಮ್ಮುಗಳನ್ನು ಇಟ್ಟರು. ಮೆಕ್ಯಾನಿಕ್ ಅತ್ತೆಗೆ ಕೈ ಚಾಚಿದ.

“ನಾನು ಬರಲ್ಲ,” ಎಂದರು ಅವರು.

“ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟು ಬಂದಿದ್ದೀನಿ ಅತ್ತೆ.”

“ಒಳಗೆ ಎಷ್ಟು ಜನ ಮಲಗಿದ್ದಾರೆ ನೋಡಿದ್ರಲ್ಲ. ಅವರನ್ನ ಯಾರ ಕೈಗೆ ಬಿಟ್ಟು ಬರಲಿ, ಹೇಳಿ. ಈ ಮಾತಿಗೆ ಉತ್ತರ ಕೊಡಿ, ನಾನು ದೋಣಿ ಹತ್ತುತ್ತೀನಿ.”

ಅವನು ಉತ್ತರ ಹೇಳಲು ಸುತ್ತ ಬೆಕ್ಕೂ ಇರಲಿಲ್ಲ.

“ಹಾಗಾದ್ರೆ ಅವಳಿಗೆ ಏನು ಹೇಳಲಿ?”

ಅತ್ತೆ ತಮ್ಮ ಬರಿಗಾಲು ನೋಡಿಕೊಂಡರು.

*

ವಾಪಸ್ ದಾರಿಯಲ್ಲಿ ಬಿಸಿಲು ಬಿದ್ದಿತ್ತು. ಜೇಡರ ಬಲೆಗಳೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ನೀರು ಒಂದು ಮೊಳ ಇಳಿದಿತ್ತು. ಕ್ಷೌರದಂಗಡಿಯ ಬೋರ್ಡಿನ ಗಂಡಸಿಗೆ ಹಣೆ, ಹುಬ್ಬು ಬಂದಿದ್ದವು. ಗಾರ್ಡ್ ದಾರಿಯುದ್ದಕ್ಕೂ ಹೊಸ ನಿಯಮ ಮಾಡುತ್ತಿದ್ದ. ಹುಡುಕುವವರು ಒಂದು ರೀತಿ, ಸಿಕ್ಕಿಬಿದ್ದವರು ಇನ್ನೊಂದು ರೀತಿ.

“ಮೊದಲು ನಿಮ್ಮ ಹೆಂಡತಿ ಜೊತೆ ಮನೆಯಲ್ಲಿ ಊದಿ ನೋಡಿ,” ಎಂದಳು ಮೀನಕ್ಕ.

ಡಿಪೋದ ಗೇಟಿನ ಬಳಿ ನೀರಿನಂಚಿನಲ್ಲಿ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ಮೆಕ್ಯಾನಿಕ್‌ನ ಹೆಂಡತಿ. ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು ದೋಣಿಯನ್ನು ನೋಡುತ್ತಿದ್ದಳು. ಕೂತವರು ಮೂವರು. ಕೆಳಗೆ ಮುಸುಕು ಹೊದಿಸಿ ಮಲಗಿಸಿದ ಒಂದು ಆಕಾರ.

ಅವಳ ಕೈ ಕೆಳಗಿಳಿಯಿತು. ನಿಂತಲ್ಲೇ ಕುಸಿದು ಕೂತಳು.

ಮೆಕ್ಯಾನಿಕ್ ಏನೋ ಕೂಗಿದ. ಇಂಜಿನ್ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ದೋಣಿ ದಡ ಮುಟ್ಟುವವರೆಗೆ ಅವನಿಗೆ ತಾಳಲಾಗಲಿಲ್ಲ. ಸೊಂಟಮಟ್ಟದ ನೀರಿಗೆ ಧುಮುಕಿದ. ಎಡವುತ್ತ, ಕೆಸರು ತುಳಿಯುತ್ತ ಓಡಿ ಬಂದು ಅವಳ ಮುಂದೆ ಮಂಡಿಯೂರಿದ. ಉಸಿರು ಸಿಗುತ್ತಿರಲಿಲ್ಲ.

“ಸ್ವೆಟರ್,” ಎಂದ.

ಅವಳು ಅರ್ಥವಾಗದೆ ನೋಡಿದಳು.

“ಒಣ ಸ್ವೆಟರ್ ಬೇಕಂತೆ. ಕಂದುಬಣ್ಣದ್ದು ಬೇಡವಂತೆ.”

“ಕಂದುಬಣ್ಣದ್ದು ಕತ್ತಿಗೆ ಚುಚ್ಚುತ್ತೆ,” ಎಂದಳು.

“ಹಾಗೇ ಅಂದ್ರು. ನೀಲಿದು ಕೇಳಿದ್ರು. ಚಪ್ಪಲಿ. ಹತ್ತಿರದ ಕನ್ನಡಕ, ಬಾಟಲಿ ಮೇಲಿನ ಅಳತೆ ಕಾಣಲ್ಲವಂತೆ. ನಾಳೆ ನೀವೇ ತನ್ನಿ, ಬೇರೆಯವರನ್ನ ಕಳಿಸಬೇಡಿ ಅಂದ್ರು.”

ಅವಳು ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ, ಮುಖ ಒರೆಸಿಕೊಂಡು ಎದ್ದಳು. ತಾವು ಮಲಗುತ್ತಿದ್ದ ಬಸ್ಸಿನ ಕಡೆಗೆ ಮೊದಲು ನಡೆದಳು, ಆಮೇಲೆ ಓಡಿದಳು. ಹಿಂದೆ ಮೀನಕ್ಕ ಕಂಪೌಂಡರನನ್ನು ಇಳಿಸಲು ನಾಲ್ಕು ಜನರನ್ನು ಬೈದು ಕರೆಯುತ್ತಿದ್ದಳು. ಮೆಕ್ಯಾನಿಕ್ ಮಗುವನ್ನು ಹೆಗಲಿಗೇರಿಸಿಕೊಂಡ. ಖಾಲಿ ಡ್ರಮ್ಮೊಂದನ್ನು ಗಾಯವಿಲ್ಲದ ಕೈಯಲ್ಲಿ ಉರುಳಿಸುತ್ತ ಸ್ಟೋರ್ ರೂಮಿನ ಕಡೆ ಹೊರಟ. ನಾಳೆಗೆ ಅದನ್ನು ತುಂಬಬೇಕಿತ್ತು.